ಆಟ, ಊಟ ಮತ್ತು ಮೂರು ತಿಂಗಳ ಇಂಟರ್ನ್‌ಶಿಪ್: ಮೊದಲು ಅಪ್ಪನನ್ನು ಕೂರಿಸಿ ಕೇಳಿ

ಪ್ರಶ್ನೆ: ನಮಸ್ತೆ ಮೇಡಂ. ನಾನು ಮುಂಬೈಯಲ್ಲಿ ಎಂ.ಎ. ಮಾಡ್ತಾ ಇದ್ದೇನೆ, ಮನೆ ಡೊಂಬಿವಲಿ. ಜೂನ್ ಕೊನೆಯಿಂದ ಮೂರು ತಿಂಗಳು ಒಂದು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ವಿಷಯ ಮುಂಬೈಯ ತುಳು-ಕನ್ನಡಿಗರ ಜನಪದ ಕಲೆ ಮತ್ತು ಆಹಾರ ಪದ್ಧತಿ. ನನಗೆ ಅಡುಗೆ ಅಷ್ಟಕ್ಕಷ್ಟೇ. ತುಳು ಕೇಳಿದ್ರೆ ಅರ್ಥ ಆಗ್ತದೆ, ಮಾತಾಡುವಾಗ ತಡವರಿಸ್ತೇನೆ. ಅಪ್ಪ 35 ವರ್ಷದಿಂದ ಹೋಟೆಲಲ್ಲಿ ಇದ್ದಾರೆ, ಈಗ ಕ್ಯಾಶಿಯರ್. "ಕಂಡವರ ಅಡುಗೆಮನೆ ಇಣುಕ್ಲಿಕ್ಕೆ ಎಂ.ಎ. ಯಾಕೆ" ಅಂತ ಕೇಳ್ತಾರೆ. ನಿಜವಾಗಿ ಎಂತ ಕೆಲಸ ಇರ್ತದೆ, ಎಲ್ಲಿಂದ ಶುರು ಮಾಡ್ಲಿ, ಮುಂದೆ ಇದ್ರಿಂದ ಏನಾದ್ರೂ ಉಪಯೋಗ ಉಂಟಾ?

ಉತ್ತರ: ತಂಗಿ, ನಿಮ್ಮ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆಯೇ. ಇದನ್ನು ನನಗೆ ನನ್ನ ಅತ್ತೆ ಕೇಳಿದ್ದಾರೆ, ಮಾಟುಂಗದ ಹೂವಿನವಳು ಕೇಳಿದ್ದಾಳೆ, ಯಕ್ಷಗಾನದಲ್ಲಿ ಪದ ಹೇಳುವ ಒಬ್ಬ ಭಾಗವತರು ವೀಳ್ಯ ಜಗೀತಾ "ನಿಮಗೆ ಬೇರೆ ಕೆಲಸ ಇಲ್ವಾ" ಅಂತ ನೇರವಾಗಿಯೇ ಕೇಳಿದ್ದಾರೆ. ನನ್ನ ಉತ್ತರ ಇಷ್ಟೇ, ನಿಮ್ಮ ಮೊದಲ ಇಂಟರ್‌ವ್ಯೂ ನಿಮ್ಮ ಅಪ್ಪನದ್ದೇ ಆಗ್ಲಿ. ಹೊರಗೆ ಹೋಗಿ ಯಾರೋ ಅಜ್ಜಿಯ ಕೆಸುವಿನೆಲೆಯ ಪತ್ರೊಡೆ ಹುಡುಕುವ ಮುಂಚೆ, 35 ವರ್ಷ ಹೋಟೆಲ್ ನೋಡಿದ ಮನುಷ್ಯ ರಾತ್ರಿ ಹನ್ನೆರಡರ ಲೋಕಲ್ ಹಿಡಿದು ನಿಮ್ಮ ಮನೆಗೇ ಬರ್ತಾ ಇದ್ದಾರಲ್ಲ, ಅವರನ್ನು ಕೂರಿಸಿ.

ಆದ್ರೆ ಅವರ ಹತ್ರ ರೆಸಿಪಿ ಕೇಳ್ಬೇಡಿ. ಹೇಗೆ ಬಂದ್ರಿ ಅಂತ ಕೇಳಿ. ಕೊಂಕಣ ರೈಲು ಪೂರ್ತಿ ಓಡ್ಲಿಕ್ಕೆ ಶುರುವಾದದ್ದು 1998ರಲ್ಲಿ, ಹಾಗಾಗಿ ನಿಮ್ಮ ಅಪ್ಪ ಬಂದದ್ದು ಹೆಚ್ಚಾಗಿ ಬಸ್ಸಿನಲ್ಲಿ ಆಗಿರ್ಬೇಕು, ಅವರಿಗಿಂತ ಒಂದು ತಲೆಮಾರು ಹಿಂದಿನವರು ಮಂಗಳೂರಿಂದ ಹಡಗಿನಲ್ಲಿ ಬಂದ ಕಥೆ ಹೇಳ್ತಾರೆ. ಬುತ್ತಿಯಲ್ಲಿ ಎಂತ ಕಟ್ಟಿ ಕೊಟ್ಟಿದ್ರು? ಮೊದಲ ರಾತ್ರಿ ಎಲ್ಲಿ ಮಲಗಿದ್ರಿ, ಹೋಟೆಲಿನ ಬೆಂಚಿನ ಮೇಲಾ, ಅಟ್ಟದಲ್ಲಾ? ಊರಲ್ಲಿ ಕುಚಲಕ್ಕಿ ಗಂಜಿ ಉಂಡ ಹೊಟ್ಟೆ ಇಲ್ಲಿ ಬೆಳ್ತಿಗೆ ಅನ್ನಕ್ಕೆ ಎಷ್ಟು ದಿನಕ್ಕೆ ಒಗ್ಗಿತು? ಮೊದಲ ಕೆಲಸ ಟೇಬಲ್ ಒರೆಸೋದಾ, ಮೋರಿಯಲ್ಲಿ ಪಾತ್ರೆ ತೊಳೆಯೋದಾ? ಮುಂಬೈಯಲ್ಲಿ ಮೊದಲ ಆಟ, ಅಂದ್ರೆ ಯಕ್ಷಗಾನ, ಯಾರು ಕರ್ಕೊಂಡು ಹೋಗಿ ತೋರಿಸಿದ್ದು? ಈ ಆರೇ ಪ್ರಶ್ನೆ ಕೇಳಿ ಸುಮ್ಮನೆ ಕೂತ್ಕೊಳ್ಳಿ. ಎರಡು ಗಂಟೆ ಮಾತಾಡ್ತಾರೆ, ನಿಮಗೆ ಗೊತ್ತೇ ಇಲ್ಲದ ಅಪ್ಪ ಒಬ್ರು ಸಿಗ್ತಾರೆ.

ಈಗ ವಿಷಯಕ್ಕೆ. "ಆಹಾರ ಪದ್ಧತಿ" ಅನ್ನೋ ಮಾತು ಕೇಳಿದ್ರೆ ನನಗೆ ಡಾಕ್ಟರ್ ಬರೆದುಕೊಟ್ಟ ಡಯಟ್ ಚಾರ್ಟ್ ನೆನಪಾಗ್ತದೆ, ನಿಮ್ಮ ಸಂಸ್ಥೆಯವರ ಮನಸ್ಸಲ್ಲಿ ಇರೋದು ಫುಡ್‌ವೇಸ್ ಅನ್ನೋ ಶಬ್ದ, ಅಮೆರಿಕದ ಜಾನಪದ ವಿದ್ವಾಂಸರು ತುಂಬ ವರ್ಷದಿಂದ ಬಳಸೋದು. ಅದ್ರ ಅರ್ಥ ತಿಂಡಿಯ ಹೆಸರು, ಮಾಡುವ ವಿಧಾನ ಇಷ್ಟೇ ಅಲ್ಲ. ಬೆಳೆದವರು ಯಾರು, ಮಾರಿದವರು ಯಾರು, ಅರೆದವರು ಯಾರು, ಮೊದಲು ಬಡಿಸಿದ್ದು ಯಾರಿಗೆ, ಕೊನೆಗೆ ಉಂಡವರು ಯಾರು, ಎಲೆ ಎತ್ತಿದವರು ಯಾರು, ಯಾವ ದಿನ ಏನು ತಿನ್ನಬಾರದು, ಅಷ್ಟೂ ಅದ್ರೊಳಗೆ ಬರ್ತದೆ. ನಾನು ನನ್ನ ಹುಡುಗರಿಗೆ "ಊಟದ ದಾರಿ" ಅಂತ ಹೇಳ್ಕೊಡ್ತೇನೆ, ನಿಘಂಟಿನಲ್ಲಿ ಇಲ್ಲ, ಆದ್ರೆ ಹೇಳಿದ ಕೂಡಲೇ ಅರ್ಥ ಆಗ್ತದೆ.

ಮತ್ತೆ ಕಲೆಯನ್ನೂ ಊಟವನ್ನೂ ಒಂದೇ ಇಂಟರ್ನ್‌ಶಿಪ್ಪಿಗೆ ಯಾಕೆ ಕಟ್ಟಿದ್ದಾರೆ ಅಂತ ನಿಮಗೆ ಅನ್ನಿಸಿರ್ಬಹುದು. ಬೇರೆ ಊರಲ್ಲಿ ಹೇಗೋ ನಾನರಿಯೆ, ಮುಂಬೈಯಲ್ಲಿ ಮಾತ್ರ ಇವೆರಡನ್ನು ಬಿಡಿಸ್ಲಿಕ್ಕೇ ಆಗುವುದಿಲ್ಲ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗನೇ ಸಂಜೆ ಕನ್ನಡ ರಾತ್ರಿಶಾಲೆಗೆ ಹೋದದ್ದು, ಅದೇ ಹುಡುಗ ರಜೆಯ ದಿನ ಗೆಜ್ಜೆ ಕಟ್ಟಿದ್ದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೇದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಮಾಹೀಮಿನ ಕರ್ನಾಟಕ ಸಂಘ 1933ರದ್ದು. ಅದೇ ಕಾಲಘಟ್ಟದಲ್ಲಿ ಎ. ರಾಮ ನಾಯಕರು ಮಾಟುಂಗ ಸ್ಟೇಷನ್ ಹತ್ರ 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ರು, ಇವತ್ತಿಗೂ ಅಲ್ಲಿ ಬಾಳೆ ಎಲೆ ಊಟ ಸಿಗ್ತದೆ. ಸಂಘಗಳ ಇತಿಹಾಸ ಒಂದು ಕಪಾಟು, ಹೋಟೆಲುಗಳ ಇತಿಹಾಸ ಇನ್ನೊಂದು ಕಪಾಟು ಅಂತ ಬರೆದವರು ಜಾಸ್ತಿ. ಎರಡರಲ್ಲೂ ಓಡಾಡಿದ ಜನ ಒಂದೇ. ಚಂದಾ ಕೊಟ್ಟದ್ದು ಹೋಟೆಲ್ ಯಜಮಾನ, ಆಟಕ್ಕೆ ಜನ ತುಂಬಿಸಿದ್ದು ಅವನ ಸಪ್ಲೈಯರ್‌ಗಳು. ನಿಮ್ಮ ವರದಿಯಲ್ಲಿ ಇದೊಂದು ಎಳೆ ಗಟ್ಟಿಯಾಗಿ ಹಿಡ್ಕೊಂಡ್ರೆ ಸಾಕು, ಉಳಿದದ್ದು ಅದ್ರ ಹಿಂದೆ ಬರ್ತದೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದ ಅಲ್ಲ, ಒಂದು ಮೂರ್ಖತನದಿಂದ. ಮೊದಲ ಸಲ ಫೀಲ್ಡಿಗೆ ಹೋದಾಗ ದೊಡ್ಡ ತಯಾರಿ ಮಾಡ್ಕೊಂಡಿದ್ದೆ, ನಾಲ್ಕು ಪುಟದ ಪ್ರಶ್ನಾವಳಿ, ಹೊಸ ರೆಕಾರ್ಡರ್, ಕುತ್ತಿಗೆಗೆ ಐಡಿ ಕಾರ್ಡ್. ಹೋದದ್ದು ಮಧ್ಯಾಹ್ನ ಒಂದು ಗಂಟೆಗೆ! ಹೋಟೆಲಿನವರ ಮನೆಯಲ್ಲಿ ಹುಟ್ಟಿದ ನಿಮಗೆ ನಗು ಬರ್ತಾ ಇರ್ಬೇಕು. ಅಡುಗೆಯ ಭಟ್ರು ಬೆವರು ಸುರಿಸ್ಕೊಂಡು ಸಾಂಬಾರಿನ ಹಂಡೆಯ ಹತ್ರ ನಿಂತಿದ್ದಾರೆ, ನಾನು ಹೋಗಿ "ನಿಮ್ಮ ಸಾಂಬಾರಿನ ಸಾಂಪ್ರದಾಯಿಕ ವಿಧಾನ ತಿಳಿಸ್ತೀರಾ" ಅಂತ ಕೇಳ್ತೇನೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಬೇಳೆ, ನೀರು, ಉಪ್ಪು" ಅಂದ್ರು. ಮುಗೀತು. ಮನೆಗೆ ಬಂದು ಕೇಳಿದ್ರೆ ಟೇಪಿನಲ್ಲಿ ನಲವತ್ತು ನಿಮಿಷ ಬರೀ ಗ್ರೈಂಡರಿನ ಗರಗರ, ಸ್ಟೀಲ್ ತಟ್ಟೆ ಬಿದ್ದ ಶಬ್ದ, ಮಧ್ಯೆ ಒಂದು "ದೋ ಮಸಾಲಾ, ಏಕ್ ಸಾದಾ".

ಒಂದು ವಾರ ಬಿಟ್ಟು ಮಧ್ಯಾಹ್ನ ಮೂರೂವರೆಗೆ ಹೋದೆ, ಶಟರ್ ಅರ್ಧ ಎಳೆದಿದ್ರು. ಭಟ್ರು ಸಂಜೆಯ ಗೋಳಿಬಜೆಗೆ ಹಿಟ್ಟು ಕಲಸ್ತಾ ಇದ್ರು, ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಹಿಟ್ಟನ್ನು ಕೆಳಗಿಂದ ಎತ್ತಿ ಎತ್ತಿ ಬಡಿಯೋದು, ಅದ್ರೊಳಗೆ ಗಾಳಿ ಸೇರ್ಬೇಕು ಅಂತ. ನಾನು ರೆಕಾರ್ಡರ್ ಚೀಲದಲ್ಲೇ ಬಿಟ್ಟು ಪಕ್ಕದಲ್ಲಿ ಕೂತು ಶುಂಠಿ ಸಿಪ್ಪೆ ತೆಗೆದೆ. ಸ್ವಲ್ಪ ಹೊತ್ತಿನ ಮೇಲೆ ಹಿಟ್ಟು ಬಡಿಯುವ ಶಬ್ದಕ್ಕೆ ಒಂದು ಲೆಕ್ಕ ಉಂಟು ಅಂತ ಕೇಳಿಸ್ಲಿಕ್ಕೆ ಶುರುವಾಯ್ತು. ಗಮನ ಕೊಟ್ಟು ಕೇಳಿದ್ರೆ ತಾಳ. ಭಟ್ರು ಬಾಯೊಳಗೇ ಪದ ಹೇಳ್ತಾ ಇದ್ರು. "ನೀವು ಭಾಗವತಿಕೆ ಮಾಡ್ತೀರಾ" ಅಂತ ಕೇಳಿದೆ. "ಮಾಡ್ತಿದ್ದೆ" ಅಂದ್ರು, ಆಮೇಲೆ ಸಂಜೆ ಆರರವರೆಗೆ ಕಥೆ. ಎಂಟು ಗಂಟೆಗೆ ಗಿರಾಕಿ ರಶ್, ರಾತ್ರಿ ಹತ್ತೂವರೆಗೆ ಹೋಟೆಲ್ ಮುಚ್ಚಿ, ಅಲ್ಲೇ ಟೇಬಲ್ ಸರಿಸಿ ಹುಡುಗರಿಗೆ ಹೆಜ್ಜೆ ಹೇಳಿಕೊಟ್ಟದ್ದು, ಮದ್ದಳೆ ಇಲ್ಲದ ದಿನ ಎಣ್ಣೆಯ ಖಾಲಿ ಡಬ್ಬಿಯೇ ಮದ್ದಳೆ ಆದದ್ದು. ಸಾಂಬಾರಿಗೆ ಬೆಲ್ಲ ಯಾಕೆ ಹಾಕ್ತೀರಿ ಅಂತ ನಾನು ಕೇಳಿಯೂ ಇರ್ಲಿಲ್ಲ, ಅವರೇ ಹೇಳಿದ್ರು, ಗುಜರಾತಿ ಗಿರಾಕಿ ಜಾಸ್ತಿ ಇದ್ದ ಏರಿಯಾದಲ್ಲಿ ಸಿಹಿ ಮಾಡದೆ ಉಪಾಯವೇ ಇರ್ಲಿಲ್ಲ ಅಂತ. (ಮೈಸೂರಿನವರಿಗೆ ಗುರುತೇ ಸಿಗದ ಮುಂಬೈಯ "ಮೈಸೂರ್ ಮಸಾಲಾ"ದ ವಿಷಯ ಬೇರೆ ದಿನ ಬರೀತೇನೆ, ಅದಕ್ಕೊಂದು ಪ್ರತ್ಯೇಕ ಇಂಟರ್ನ್ ಬೇಕು.)

ಹಾಗಾಗಿ ಅಡುಗೆ ಬರುವುದಿಲ್ಲ ಅಂತ ಚಿಂತೆ ಮಾಡ್ಬೇಡಿ, ನಿಜ ಹೇಳ್ಬೇಕಂದ್ರೆ ಅದು ಲಾಭವೇ. ಅಡುಗೆ ಬರುವವಳು ಹೋದ್ರೆ "ಓ ನಾವೂ ಹೀಗೇ ಮಾಡೋದು" ಅಂತ ನಡುವೆ ಬಾಯಿ ಹಾಕ್ತಾಳೆ, ಅಜ್ಜಿ ಅಲ್ಲಿಗೆ ನಿಲ್ಲಿಸ್ತಾರೆ. ಬಾರದವಳಿಗೆ ಎಲ್ಲಾ ಬಿಡಿಸಿ ಹೇಳ್ಬೇಕಾಗ್ತದೆ. ಕೈಗೆ ಒಂದು ಸಣ್ಣ ಕೆಲಸ ಮಾತ್ರ ಕೇಳಿ ತಗೊಳ್ಳಿ, ಬೆಳ್ಳುಳ್ಳಿ ಬಿಡಿಸೋದೋ ತೆಂಗಿನಕಾಯಿ ತುರಿಯೋದೋ. ನೋಟ್‌ಬುಕ್ ಹಿಡ್ಕೊಂಡು ಎದುರಿಗೆ ಕೂತವಳಿಗೆ ಹೇಳುವ ಮಾತೇ ಬೇರೆ, ಬದಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುವವಳಿಗೆ ಹೇಳುವ ಮಾತೇ ಬೇರೆ.

ನಿಮ್ಮ ಮೂರು ತಿಂಗಳ ಟೈಮ್ ಒಳ್ಳೇದು ಬಂದಿದೆ. ಊರಿನಲ್ಲಿ ಮೇ 24ರ ಆಸುಪಾಸು ಪತ್ತನಾಜೆ, ಅಂದ್ರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ ಕೋಲಗಳೂ ನಿಲ್ತವೆ. ಮತ್ತೆ ತಿರುಗಾಟ ಶುರುವಾಗೋದು ದೀಪಾವಳಿ ಕಳೆದ ಮೇಲೆ. ಈ ಮಳೆಗಾಲದಲ್ಲೇ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬರೋದು, ಹಾಲ್ ಒಳಗಿನ ಆಟ, ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ. ಅಂದ್ರೆ ಊರಲ್ಲಿ ಹುಡುಕಿದ್ರೂ ಬಿಡುವಿಲ್ಲದವರು ಇಲ್ಲಿ ನಿಮ್ಮ ಲೋಕಲ್ ಟ್ರೈನ್ ದೂರದಲ್ಲೇ ಸಿಗ್ತಾರೆ. ಆಟ ನೋಡ್ಲಿಕ್ಕೆ ಹೋದಾಗ ಎದುರಿನ ಸೀಟಲ್ಲಿ ಮಾತ್ರ ಕೂರ್ಬೇಡಿ, ಬಣ್ಣ ಹಚ್ಚುವ ಕೋಣೆ ಚೌಕಿಗೆ ಹೋಗ್ಲಿಕ್ಕೆ ಮೊದಲೇ ಯಜಮಾನರ ಅನುಮತಿ ಕೇಳಿ. ಬಣ್ಣ ಹಚ್ಚುವ ಮುಂಚೆ ಯಾರು ಎಂತ ತಿಂತಾರೆ, ಯಾರು ಎಂತ ಮುಟ್ಟೋದಿಲ್ಲ, ಸ್ವರ ಕೆಡ್ತದೆ ಅಂತ ಭಾಗವತರು ಏನು ಬಿಟ್ಟಿದ್ದಾರೆ, ಚಾ ಯಾರಿಗೆ ಮೊದಲು ಹೋಗ್ತದೆ, ಇದೆಲ್ಲ ಚೌಕಿಯಲ್ಲಿ ಕೂತವರಿಗೆ ಮಾತ್ರ ಕಾಣೋದು.

ಜುಲೈ ನಡುವಿನಿಂದ ತುಳುವಿನ ಆಟಿ ತಿಂಗಳು. ಮುಂಬೈಯ ತುಳು ಸಂಘಗಳಲ್ಲಿ "ಆಟಿಡೊಂಜಿ ದಿನ" (ಆಟಿಯಲ್ಲೊಂದು ದಿನ) ಅಂತ ಸಾಲು ಸಾಲು ಕಾರ್ಯಕ್ರಮ, ಪತ್ರೊಡೆ, ತಜಂಕ್ ಸೊಪ್ಪಿನ ಪಲ್ಯ, ಎಳೆ ಬಿದಿರಿನ ಕಣಿಲೆ, ಉಪ್ಪು ಹಾಕಿಟ್ಟ ಹಲಸಿನ ಉಪ್ಪಡ್ ಪಚ್ಚಿಲ್, ಹುರುಳಿ ಸಾರು, ತಿಮರೆ (ಒಂದೆಲಗ) ಚಟ್ನಿ ಎಲ್ಲಾ ಒಂದೇ ಟೇಬಲ್ಲಿನಲ್ಲಿ. ಹೋಗಿ, ತಿನ್ನಿ, ಆದ್ರೆ ಅದನ್ನೇ "ಆಟಿಯ ಊಟ" ಅಂತ ಬರೀಬೇಡಿ. ಯಾಕಂದ್ರೆ ಹಳಬರ ಹತ್ರ ಕೇಳಿದ್ರೆ ಆಟಿ ಅಂದ್ರೆ ಹಬ್ಬವೇ ಅಲ್ಲ, ಕಣಜ ಖಾಲಿಯಾದ ತಿಂಗಳು. ಗದ್ದೆ ಕೆಲಸ ಮುಗಿದಿದೆ, ಮಳೆ ಬಿಡ್ತಾ ಇಲ್ಲ, ಅಕ್ಕಿ ತಳ ಕಂಡಿದೆ, ಆಗ ಬೇಲಿ ಬದಿಯ ಸೊಪ್ಪು, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜ ಇವುಗಳ ಮೇಲೆ ಬದುಕಿದ್ದು. ಇವತ್ತು ಅದೇ ಹಸಿವಿನ ಊಟಕ್ಕೆ ಎ.ಸಿ. ಹಾಲಿನಲ್ಲಿ ಕೂಪನ್ ಹರಿದು ಕೊಡ್ತಾರೆ. ನಾನು ತಮಾಷೆ ಮಾಡ್ತಾ ಇಲ್ಲ, ಇದೇ ನಿಜವಾದ ವಿಷಯ. ಕಷ್ಟದ ಊಟ ಹೇಗೆ ನೆನಪಿನ ಊಟ ಆಯ್ತು, ಯಾವ ತಲೆಮಾರಿನಲ್ಲಿ ಆಯ್ತು, ಬಡಿಸುವವರಿಗೆ ಹಸಿವು ನೆನಪಿದೆಯಾ, ಇದ್ರ ಮೇಲೆ ಒಂದು ಅಧ್ಯಾಯ ಬರೀಬಹುದು.

ಒಂದು ತಿಂಡಿಯನ್ನು ಮಾತ್ರ ಹತ್ತಿರದಿಂದ ನೋಡಿ, ಹತ್ತು ಬೇಡ. ನಾನಾದ್ರೆ ಪತ್ರೊಡೆ ಆರಿಸ್ತೇನೆ. ಊರಲ್ಲಿ ಮಳೆಗಾಲಕ್ಕೆ ಮರದ ಕೊಂಬೆಯಲ್ಲೇ ಹುಟ್ಟುವ ಮರಕೆಸು ಸಿಗ್ತದೆ, ಇಲ್ಲಿ ಯಾರಾದ್ರೂ ಮತ್ಸ್ಯಗಂಧ ರೈಲಿನಲ್ಲಿ ಪೇಪರಿಗೆ ಸುತ್ತಿ ತಂದ್ರೆ ಉಂಟು. ಇಲ್ಲದಿದ್ರೆ ಮಾರ್ಕೆಟಿನ ಮರಾಠಿ ಹೆಂಗಸಿನ ಹತ್ರ "ಅಳೂ", ಅಂದ್ರೆ ಕೆಸುವಿನ ಎಲೆ ಕೇಳ್ಬೇಕು, ಅವಳು ತಿರುಗಿ ಕೇಳ್ತಾಳೆ, ವಡಿಯದ್ದಾ ಭಾಜಿಯದ್ದಾ ಅಂತ. ದಂಟು ಕಪ್ಪಗಿರೋದು ವಡಿಗೆ, ಹಸಿರು ದಂಟಿನದ್ದು ಪಲ್ಯಕ್ಕೆ. ನಮ್ಮ ಹೆಂಗಸರು ವಡಿಯ ಅಳೂ ತಂದು ಪತ್ರೊಡೆ ಮಾಡ್ಲಿಕ್ಕೆ ಯಾವಾಗ ಶುರು ಮಾಡಿದ್ರು, ಯಾರು ಹೇಳಿಕೊಟ್ರು, ಪಕ್ಕದ ಮನೆಯ ಮರಾಠಿಯವರು ಕಡಲೆಹಿಟ್ಟು ಹಾಕಿದ್ರೆ ಇವರು ಅಕ್ಕಿಯನ್ನೇ ಯಾಕೆ ಬಿಡ್ಲಿಲ್ಲ, ನೋಡಿ, ಒಂದು ಎಲೆಯಲ್ಲಿ ಎಷ್ಟು ವಿಷಯ ಉಂಟು.

ಮಾಡುವಾಗ ಕೈ ನೋಡಿ. ಎಲೆಯ ಬೆನ್ನಿನ ದಪ್ಪ ನಾರನ್ನು ಚೂರಿಯಲ್ಲಿ ಸವರಿ ತೆಗೀತಾರೆ, ಇಲ್ಲದಿದ್ರೆ ಸುರುಳಿ ಸುತ್ತುವಾಗ ಎಲೆ ಒಡೀತದೆ. ಅಕ್ಕಿ, ಮೆಣಸು, ಕೊತ್ತಂಬರಿ, ಜೀರಿಗೆ, ಹುಣಸೆ, ಬೆಲ್ಲ ಅರೆದ ಹಿಟ್ಟನ್ನು ಹಚ್ಚೋದು ಎಲೆಯ ಬೆನ್ನಿಗೇ, ದೊಡ್ಡ ಎಲೆ ಕೆಳಗೆ, ಸಣ್ಣದು ಮೇಲೆ. ಹುಣಸೆ ರುಚಿಗೆ ಮಾತ್ರ ಅಲ್ಲ, ಕೆಸುವಿನಲ್ಲಿ ಸೂಜಿಯ ಹಾಗಿರುವ ಆಕ್ಸಲೇಟ್ ಹರಳು ಇರ್ತದೆ, ಗಂಟಲು ತುರಿಸೋದು ಅದ್ರಿಂದ, ಹುಳಿ ಆ ತುರಿಕೆಯನ್ನು ಹಿಡಿತದಲ್ಲಿ ಇಡ್ತದೆ. ಅಜ್ಜಿಗೆ ಆಕ್ಸಲೇಟ್ ಗೊತ್ತಿಲ್ಲ, "ಹುಳಿ ಕಮ್ಮಿಯಾದ್ರೆ ಬಾಯಿ ಬೈತದೆ" ಅಂತಾರೆ. ಎರಡನ್ನೂ ಬರ್ಕೊಳ್ಳಿ, ಅಜ್ಜಿಯ ಮಾತನ್ನು ಅಜ್ಜಿಯ ಮಾತಿನಲ್ಲೇ.

ಅಳತೆ ಕೇಳಿದ್ರೆ "ಒಂದು ಅಂದಾಜಿಗೆ" ಅನ್ನೋದೇ ಉತ್ತರ. ಅಲ್ಲಿ ತಲೆ ಕೆಡಿಸ್ಕೊಳ್ಬೇಡಿ. ಒಂದು ಸಣ್ಣ ಅಡುಗೆಯ ತಕ್ಕಡಿ ತಗೊಂಡು ಹೋಗಿ, ಅಕ್ಕಿ ಡಬ್ಬಿಯನ್ನು ಮೊದಲು ತೂಗಿ, ಅವರು ತೆಗೆದ ಮೇಲೆ ಮತ್ತೆ ತೂಗಿ, ವ್ಯತ್ಯಾಸ ಬರ್ಕೊಳ್ಳಿ. ಅವರ ಕೈ ನಿಲ್ಲಿಸ್ಲಿಕ್ಕಿಲ್ಲ, ಹಿಡಿಯನ್ನು ತೂಗಿ ಕೊಡಿ ಅಂತ ಕೇಳ್ಲಿಕ್ಕೂ ಇಲ್ಲ. ಕುಡ್ತೆ, ಪಾವು, ಸೇರು ಅಂತ ಹೇಳಿದ್ರೆ ಗ್ರಾಮಿಗೆ ತಿದ್ದದೆ ಅದನ್ನೇ ಬರೆದು ಪಕ್ಕದಲ್ಲಿ ಗ್ರಾಮ್ ಹಾಕಿ.

ಈಗ ಒಂದು ಗಂಭೀರ ಮಾತು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಪಾಲೆ ಮರದ ತೊಗಟೆ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಬೆಳ್ಳುಳ್ಳಿ ಕಾಳುಮೆಣಸು ಓಮ ಸೇರಿಸಿ ಅರೆದು, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದ್ರೊಳಗೆ ಚುಂಯ್ ಅಂತ ಬಿಟ್ಟು ಕಷಾಯ ಮಾಡ್ತಾರೆ, ಆಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ. ನೋಡ್ಲಿಕ್ಕೆ ಚಂದ, ವಿಡಿಯೋಗೆ ಇನ್ನೂ ಚಂದ. ಮುಂಬೈಯ ರಸ್ತೆ ಬದಿಯಲ್ಲಿ ಸಪ್ತಪರ್ಣಿ, ಮರಾಠಿಯಲ್ಲಿ ಸಾತ್ವಿಣ್ ಅಂತ ನೆಟ್ಟಿರೋದು ಇದೇ ಮರ. ಆದ್ರೆ ಕತ್ತಲೆಯಲ್ಲಿ ಮರ ತಪ್ಪಿ ವಿಷದ ಮರ ಕಾಸರ್ಕದ ತೊಗಟೆ ತಂದ್ರೆ ಜೀವಕ್ಕೇ ಅಪಾಯ, ಅದ್ರಲ್ಲಿ ಸ್ಟ್ರಿಕ್ನಿನ್ ಇರ್ತದೆ. ಪಾಲೆಯ ಎಲೆ ಒಂದೇ ಗಂಟಿನ ಸುತ್ತ ಛತ್ರಿಯ ಹಾಗೆ, ಹೆಚ್ಚಾಗಿ ಏಳು, ತೊಗಟೆ ಗೀರಿದ್ರೆ ಹಾಲು. ಇಷ್ಟು ಗೊತ್ತಿದ್ದ ಮಾತ್ರಕ್ಕೆ ನೀವು ಮರ ಗುರುತಿಸ್ಲಿಕ್ಕೆ ಹೋಗ್ಬೇಡಿ, ಯಾರದ್ದೋ ಒತ್ತಾಯಕ್ಕೆ ಕುಡೀಲೂ ಬೇಡಿ, ವರದಿಯಲ್ಲಿ ಇದನ್ನು ರೆಸಿಪಿಯ ಹಾಗೆ ಹಾಕ್ಲೇಬೇಡಿ. ಯಾರು ತರ್ತಾರೆ, ಆ ಮರ ಗುರುತಿಸ್ಲಿಕ್ಕೆ ಅವರಿಗೆ ಯಾರು ಕಲಿಸಿದ್ರು, ಆ ಜ್ಞಾನ ಮುಂಬೈಯಲ್ಲಿ ಹುಟ್ಟಿದ ಮಗನಿಗೆ ಬಂದಿದೆಯಾ, ಕೇಳ್ಬೇಕಾದ್ದು ಇದು.

ದಿನದ ಕೆಲಸ ಎಂತ ಅಂತ ಕೇಳಿದ್ರಲ್ಲ, ಮುಕ್ಕಾಲು ಪಾಲು ಬೋರ್ ಹೊಡೆಸುವ ಕೆಲಸ, ಸುಳ್ಳು ಹೇಳುವುದಿಲ್ಲ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಇಳಿಸ್ಲಿಕ್ಕೆ ನನಗೆ ಐದಾರು ಗಂಟೆ ಹಿಡೀತದೆ, ತುಳು, ಕನ್ನಡ, ಹಿಂದಿ, ಮರಾಠಿ ನಾಲ್ಕೂ ಬೆರೆಸಿ ಮಾತಾಡಿದ್ರೆ (ಮುಂಬೈಯಲ್ಲಿ ಬೇರೆ ಹೇಗೆ ಮಾತಾಡ್ತಾರೆ!) ಎಂಟು ಗಂಟೆ. ಹಾಗಾಗಿ ಐವತ್ತು ಇಂಟರ್‌ವ್ಯೂ ಮಾಡ್ತೇನೆ ಅಂತ ಸಂಸ್ಥೆಗೆ ಮಾತು ಕೊಡ್ಬೇಡಿ, ಮೂರು ತಿಂಗಳಿಗೆ ಹನ್ನೆರಡು ಒಳ್ಳೆಯದು ಆದ್ರೆ ಜಾಸ್ತಿಯೇ. ತುಳುವಿನ ಪದದ ಕೊನೆಯಲ್ಲಿ ಬರುವ ಅರೆ ಉಕಾರವನ್ನು ಕನ್ನಡ ಅಕ್ಷರದಲ್ಲಿ ಹೇಗೆ ಬರೀತೀರಿ ಅಂತ ಮೊದಲ ವಾರವೇ ತೀರ್ಮಾನ ಮಾಡಿ, ಕೊನೆಯವರೆಗೆ ಅದನ್ನೇ ಹಿಡೀರಿ. ಪದದ ಗೊಂದಲಕ್ಕೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದವರು ತಂದ ಆರು ಸಂಪುಟದ ತುಳು ನಿಘಂಟು ಉಂಟು, ಲೈಬ್ರರಿಯಲ್ಲಿ ಸಿಕ್ಕಿದ್ರೆ ಅಡುಗೆಯ ಪದಗಳನ್ನು ಮೊದಲೇ ನೋಡ್ಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ರೂ ಪರವಾಗಿಲ್ಲ, ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಹಾಕಿ, ಆದ್ರೆ ವೇವ್ ಫೈಲಿನಲ್ಲಿ, ವಾಟ್ಸ್ಯಾಪ್ ವಾಯ್ಸ್ ನೋಟ್ ಮಾತ್ರ ಬೇಡ. ಅವತ್ತಿನದ್ದು ಅವತ್ತೇ ಮೂರು ಕಡೆ ಕಾಪಿ, ಅದ್ರಲ್ಲಿ ಒಂದು ಮನೆಯ ಹೊರಗೆ. ಫೈಲಿನ ಹೆಸರಲ್ಲಿ ತಾರೀಕು, ಜಾಗ ಇರ್ಲಿ, "ನ್ಯೂ ರೆಕಾರ್ಡಿಂಗ್ 17" ಅಂತ ಇಟ್ಟು ನಾನು ಅತ್ತದ್ದು ಉಂಟು.

ತುಳು ತಡವರಿಸೋದು ದೊಡ್ಡ ವಿಷಯ ಅಲ್ಲ. ತಪ್ಪು ತುಳು ಮಾತಾಡಿ, ನಗ್ತಾರೆ, ತಿದ್ದುತ್ತಾರೆ, ಹತ್ತಿರ ಆಗ್ತಾರೆ. ತುಳುವಿನ ಕಥೆಹಾಡು ಪಾಡ್ದನ ಹೇಳುವ ಹಿರಿಯ ಹೆಂಗಸರು ಸಿಕ್ಕಿದ್ರೆ ಮಾತ್ರ ತುಳು ಚೆನ್ನಾಗಿ ಬರುವ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಬಗ್ಗಿ ಹೇಳ್ತಿದ್ದ ಹಾಡನ್ನು ಭಾಂಡುಪಿನ ಸೋಫಾದಲ್ಲಿ ಕೂತು ಹೇಳಿ ಅಂದ್ರೆ ಎರಡು ಸಾಲಿಗೆ ನಿಲ್ತದೆ, ಸೊಪ್ಪು ಸೋಸ್ತಾ ಇರುವಾಗ ಕೇಳಿ ನೋಡಿ. ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡಕ್ಕೆ ಬಾಯಲ್ಲೇ ಹೇಳಿದ ತುಳುವಿನ ಸಿರಿ ಕಾವ್ಯ 15,683 ಸಾಲು. ಅವರಿಗೆ ಆತುರ ಮಾಡಿದ್ರೆ ಅಷ್ಟು ಬರ್ತಿತ್ತಾ?

ಇನ್ನೊಂದು, ಯಾರೂ ಹೇಳದೇ ಇರೋದು. ಊಟದ ಬಗ್ಗೆ ಬರೆಯುವಾಗ ಎಲ್ಲಾ ಸಿಹಿಸಿಹಿ ಮಾಡುವ ಚಟ ನಮಗೆ ಉಂಟು, ಅಜ್ಜಿಯ ಕೈರುಚಿ, ಊರಿನ ಪರಿಮಳ. ಯಾರು ಯಾವ ಅಡುಗೆಮನೆಗೆ ಹೋಗ್ಲಿಕ್ಕೆ ಇರ್ಲಿಲ್ಲ, ಯಾರಿಗೆ ಅಂಗಳದಲ್ಲಿ ಬಡಿಸಿದ್ದು, ಹಳೇ ಹೋಟೆಲುಗಳಲ್ಲಿ ಒಳಗಿನ ಪಂಕ್ತಿ ಯಾರಿಗೆ, ಹೊರಗಿನದ್ದು ಯಾರಿಗೆ, ಇದನ್ನು ಬಿಟ್ಟು ಬರೆದ್ರೆ ಅದು ಅರ್ಧ ಊಟ. ತುಳುನಾಡಿನ ಆದಿವಾಸಿ ಸಮುದಾಯವಾದ ಕೊರಗರಿಗೆ ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ ಕಾನೂನು ತಂದು ನಿಷೇಧಿಸಿದ್ದು 2000ದಲ್ಲಿ, ಅಂದ್ರೆ ನಿನ್ನೆ ಮೊನ್ನೆ. ಅದೂ "ಪದ್ಧತಿ" ಅಂತಲೇ ನಡೆದದ್ದು, ಡೋಲು ಬಡಿಸಿದ್ದೂ ಅವರ ಹತ್ರವೇ. ನಿಮ್ಮ ಪಟ್ಟಿಯಲ್ಲಿ ಹೋಟೆಲ್ ಯಜಮಾನರು, ಸಂಘದ ಅಧ್ಯಕ್ಷರು ಮಾತ್ರ ಇದ್ರೆ ಪಟ್ಟಿ ಹರಿದು ಹಾಕಿ, ಪಾತ್ರೆ ತೊಳೆದವರ ಹೆಸರು ಬರ್ಲಿ.

ಒಪ್ಪಿಗೆಯ ವಿಷಯ ಸಂಸ್ಥೆಯವರು ಇಂಗ್ಲಿಷಿನಲ್ಲಿ ಒಂದು ಫಾರ್ಮ್ ಕೊಡ್ತಾರೆ, ಅದನ್ನು ಕನ್ನಡಕ್ಕೆ ಮಾಡಿ ಓದಿ ಹೇಳಿ, ಸಹಿಗೆ ಹೆದರುವವರಿದ್ರೆ ಒಪ್ಪಿಗೆಯನ್ನು ರೆಕಾರ್ಡಿನಲ್ಲೇ ಹೇಳಿಸಿ. "ಇದನ್ನು ಬಂದ್ ಮಾಡು" ಅಂತ ಹೇಳಿದ್ರೆ ನಿಜವಾಗಿ ಬಂದ್ ಮಾಡಿ, ಒಳ್ಳೆ ಕಥೆ ಶುರುವಾಗೋದೇ ಆಮೇಲೆ, ಏನು ಮಾಡೋದು, ಅದು ನಿಮಗೆ ಮಾತ್ರ ಹೇಳಿದ್ದು. ದೈವಕ್ಕೆ ಬಡಿಸುವ ಅಗೆಲು, ನೇಮ ಇವುಗಳ ಹತ್ರ ಕ್ಯಾಮೆರಾ ಹಿಡಿಯುವ ಮುಂಚೆ ಮನೆಯವರನ್ನೂ ದೈವ ಕಟ್ಟುವವರನ್ನೂ ಬೇರೆ ಬೇರೆಯಾಗಿ ಕೇಳಿ, ಮನೆಯವರು ಹೂಂ ಅಂದ್ರೆ ಅವರೂ ಹೂಂ ಅಂದ ಹಾಗೆ ಅಲ್ಲ. ಕಲಾವಿದರನ್ನು "ಎರಡು ಹೆಜ್ಜೆ ಕುಣಿದು ತೋರ್ಸಿ" ಅಂತ ಧರ್ಮಕ್ಕೆ ಕುಣಿಸ್ಬೇಡಿ, ಸಂಭಾವನೆಗೆ ಸಂಸ್ಥೆಯ ಹತ್ರ ದುಡ್ಡು ಇಟ್ಟಿದ್ದಾರಾ ಅಂತ ಸೇರುವ ಮುಂಚೆಯೇ ಕೇಳಿ.

ಹಾಗೇ ಇನ್ನೂ ಕೆಲವು ಕೇಳ್ಬೇಕು, ನಾಚಿಕೆ ಬೇಡ. ಸ್ಟೈಪೆಂಡ್ ಎಷ್ಟು, ರೈಲ್ವೆ ಪಾಸು ಕೊಡ್ತಾರಾ, ರಾತ್ರಿಯ ಆಟಕ್ಕೆ ಹೋದ್ರೆ ವಾಪಸ್ ಟ್ಯಾಕ್ಸಿ ಯಾರ ಲೆಕ್ಕ, ರೆಕಾರ್ಡಿಂಗ್ ಎಲ್ಲಿ ಇಡ್ತಾರೆ, ಅದ್ರ ಕಾಪಿ ಮಾತಾಡಿದವರ ಮನೆಗೆ ಹೋಗ್ತದಾ, ನಿಮ್ಮ ಹೆಸರು ವರದಿಯಲ್ಲಿ ಬರ್ತದಾ. ಒಂದು ಕಡೆ ನನ್ನ ಹುಡುಗಿಯೊಬ್ಬಳು ಮಾಡಿದ ಅಷ್ಟೂ ಕೆಲಸ ಬೇರೆಯವರ ಹೆಸರಲ್ಲಿ ಬಂತು, ಅವಳು ಲೆಟರ್ ತಗೊಂಡಿರ್ಲಿಲ್ಲ. ಇನ್ನು ಕೋರ್ಸಿನ ಕ್ರೆಡಿಟ್ಟಿಗೆ ಇದು ಸೇರ್ತದಾ ಅಂತ ವಿಭಾಗದಲ್ಲಿ ವಿಚಾರಿಸಿ, ಸಾಮಾನ್ಯವಾಗಿ ಒಂದು ಕ್ರೆಡಿಟ್ಟಿಗೆ 30 ಗಂಟೆ ಲೆಕ್ಕ, ನಾಲ್ಕು ಕ್ರೆಡಿಟ್ ಅಂದ್ರೆ 120 ಗಂಟೆ, ಫೀಲ್ಡ್ ಡೈರಿಯಲ್ಲಿ ಗಂಟೆ ಬರೆದಿಟ್ರೆ ಆಮೇಲೆ ಜಗಳ ಇಲ್ಲ.

ಮುಂದೆ ಉಪಯೋಗ? ಕೆಲಸ ಬಾಗಿಲಿಗೆ ಬಂದು ನಿಲ್ಲೋದಿಲ್ಲ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ ಜನಪದ ಸಾಹಿತ್ಯ ಪ್ರತ್ಯೇಕ ವಿಷಯವಾಗಿಯೇ ಉಂಟು, ಶಿಗ್ಗಾವಿ ಹತ್ರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಉಂಟು, ಪಿಎಚ್‌.ಡಿ.ಗೆ ಕಲೀನಾದಲ್ಲಿರುವ ನಮ್ಮ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಹತ್ತಿರ, ಮ್ಯೂಸಿಯಂ, ಆರ್ಕೈವ್, ಡಾಕ್ಯುಮೆಂಟರಿಯವರಿಗೂ ಭಾಷೆ ಬರುವ ಫೀಲ್ಡ್ ಹುಡುಗರು ಬೇಕಾಗ್ತಾರೆ. ಸಂಬಳ ನಿಮ್ಮ ಅಪ್ಪ ಅಂದ್ಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ, ನೀವು ಅಂದ್ಕೊಂಡದ್ದಕ್ಕಿಂತ ತುಂಬ ಕಮ್ಮಿ.

ಕೊನೇದಾಗಿ, ಅಪ್ಪನ ರೆಕಾರ್ಡಿಂಗ್ ಭಾನುವಾರಕ್ಕೆ ಇಟ್ಕೊಳ್ಬೇಡಿ, ಹೋಟೆಲಿನವರಿಗೆ ಅವತ್ತೇ ರಶ್, ಅವರ ವಾರದ ರಜೆ ಯಾವತ್ತು ಅಂತ ನಿಮಗಿಂತ ಅಮ್ಮನಿಗೆ ಚೆನ್ನಾಗಿ ಗೊತ್ತಿರ್ತದೆ. ಮತ್ತೆ ಅಮ್ಮನದ್ದೂ ಮಾಡಿ, ಬೇರೆಯಾಗಿ, ಅಪ್ಪ ಡ್ಯೂಟಿಗೆ ಹೋದ ಮೇಲೆ. ಹೋಟೆಲಲ್ಲಿ ದಿನಕ್ಕೆ ಇನ್ನೂರು ಜನಕ್ಕೆ ಬಡಿಸಿದ ಮನುಷ್ಯ ರಾತ್ರಿ ಒಂದು ಗಂಟೆಗೆ ಮನೆಗೆ ಬಂದು ಏನು ಉಂಡ್ರು, ಅದನ್ನು ಬಿಸಿ ಮಾಡ್ಲಿಕ್ಕೆ ಯಾರು ಎದ್ದು ಕೂತಿದ್ರು ಅಂತ ಅವರ ಹತ್ರ ಕೇಳ್ಬೇಕು.